ಸುತ್ತ ಮೋಟಾರ್ ಸುಟ್ಟು ಕೊಡಲಾಗುವುದು

"ಹೆಸರಲ್ಲೇ ಭಾಷೆ ಇಟ್ಕೊಂಡು ಹುಟ್ಟಿರೋನು ನಾನು! ನನಗೆ ಕನ್ನಡ ಹೇಳ್ಕೊಡೋಕೆ ಬರ್ತಾರಾ?"

ಜಿಲಾನ್ ಬಾಷಾ ಹೀಗೆ ಗುಡುಗಿದ್ದು ನಗರಸಭೆಯ ಮೈಕಿನ ಆಟೋ ಅವನ ಅಂಗಡಿಯನ್ನು ದಾಟಿ, ಮೂಲೆ ತಿರುಗಿ, ಪೂರ್ತಿ ಮರೆಯಾದ ಮೇಲೆ. ಮೊದಲೇ ಗುಡುಗುವಷ್ಟು ಅವಿವೇಕಿ ಅವನಲ್ಲ. ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಅವನದೊಂದು ಪುಟ್ಟ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಆಟೋದ ಮೈಕು ಸಾರಿದ್ದಿಷ್ಟು: ಅಂಗಡಿ ಬೋರ್ಡುಗಳಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರತಕ್ಕದ್ದು, ಇಲ್ಲವಾದರೆ ಲೈಸೆನ್ಸು ರದ್ದಾಗತಕ್ಕದ್ದು.

"ಅರವತ್ತು ಯಾಕೆ? ನೂರಕ್ಕೆ ನೂರು ಹಾಕಿಸ್ತೀನಿ! ಇಡೀ ಚಳ್ಳಕೆರೆ ನಿಂತು ನೋಡ್ಬೇಕು!" ಎಂದು ಮನೆಯಲ್ಲಿ ಅವನು ಘೋಷಿಸಿದ.

ಹೆಂಡತಿ ನೂರ್ ಬೀ ಹಿಟ್ಟು ನಾದುತ್ತಿದ್ದವಳು ತಲೆಯೆತ್ತಲಿಲ್ಲ. "ಏನ್ ಬರೆಸ್ತೀರಿ ಅಂತ ನನಗೊಂದು ಸಲ ತೋರ್ಸಿ."

ಅವಳು ಮೊಳಕಾಲ್ಮುರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಮನೆಮಾತು ಉರ್ದುವಾದರೂ ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಿದ್ದಳು, ಆಗ ಜಿಲಾನ್ ಬಾಷಾ ಹೊರಗಡೆಗೆ ಇಳಿಯುತ್ತಿದ್ದ. ಅವನೋ ಉರ್ದು ಶಾಲೆಗೆ ನಾಲ್ಕನೇ ಕ್ಲಾಸಿನಲ್ಲಿ ಸಲಾಂ ಹೊಡೆದು ಬಂದವನು. ಮಾತಿಗೆ ನಿಂತರೆ ಪಕ್ಕದ ನನ್ನಿವಾಳ ಹಳ್ಳಿಯವರ ಜೊತೆ ಕನ್ನಡ, ಗಡಿ ಕಡೆಯ ಗಿರಾಕಿ ಜೊತೆ ತೆಲುಗು, ಎರಡೂ ಅರಳು ಹುರಿದಂತೆ. ಓದಲು ಕೊಟ್ಟರೆ ಮಾತ್ರ ಕನ್ನಡಕ ಹುಡುಕುವ ನಾಟಕ. ಬಸ್ಸಿನ ಬೋರ್ಡನ್ನು ಉದ್ದ ನೋಡಿ ಗುರುತಿಸುತ್ತಿದ್ದ: ಉದ್ದಕ್ಕಿದ್ದರೆ ಪರಶುರಾಂಪುರ, ಗಿಡ್ಡಕ್ಕಿದ್ದರೆ ಬಿ.ಜಿ. ಕೆರೆ. ಎಷ್ಟೋ ಸಲ ಸರಿಯಾದ ಊರಿಗೇ ಹೋಗಿದ್ದ!

"ಅಂಗಡಿ ವಿಷಯ ನಿನಗ್ಯಾಕೆ?" ಎಂದ.

ಈ ಶೌರ್ಯದ ಹಿಂದೆ ಒಂದು ನಡುಕವಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹಿಂದಿನ ವಾರ ಅವನ ತಮ್ಮ ಶಹನವಾಜನ ಮೊಬೈಲ್ ಅಂಗಡಿಯ ಇಂಗ್ಲಿಷ್ ಬೋರ್ಡಿಗೆ ಯಾರೋ ಹುಡುಗರು ಕಲ್ಲು ತೂರಿದ್ದರು. ಗಾಜು ಒಡೆದು ಕೆಳಗೆ ನಿಂತಿದ್ದ ಶಹನವಾಜನ ಭುಜ ಸೀಳಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ತಮ್ಮನ ಕೈ ಹಿಡಿದು ಕೂತಿದ್ದವನು ಜಿಲಾನ್ ಬಾಷಾನೇ. ಅರವತ್ತು ಹಾಕಿದರೆ ಯಾರಾದರೂ ಐವತ್ತೊಂಬತ್ತು ಎಂದು ಎಣಿಸಬಹುದು. ನೂರು ಹಾಕಿದರೆ ಎಣಿಸುವ ಮಾತೇ ಇಲ್ಲ!

ನೂರ್ ಬೀ ಅಕ್ಕನನ್ನು ನೋಡಲು ಮೊಳಕಾಲ್ಮುರಿಗೆ ಹೋದದ್ದೇ ತಡ, ಅವನು ಕಾರ್ಯಕ್ಕಿಳಿದ. ಅಪ್ಪನ ಕಾಲದ ತಗಡಿನ ಬೋರ್ಡನ್ನು ಕಿತ್ತು ಗುಜರಿಗೆ ಹಾಕಿದ. ಅದರ ನೆತ್ತಿಯ ಮೇಲಿದ್ದ ಉರ್ದು ಸಾಲೇ ಅವನ ನಿದ್ದೆ ಕೆಡಿಸಿತ್ತು. ಆಮೇಲೆ ಫ್ಲೆಕ್ಸ್ ಅಂಗಡಿಯ ವಿಶ್ವನಾಥನಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಕಳಿಸಿದ. ಮೋಟಾರಿನ ಮೈಮೇಲಿನ ಬರಹ ನೋಡಿ ನೋಡಿ ಇಂಗ್ಲಿಷ್ ಅಕ್ಷರಗಳು ಅವನಿಗೆ ಪರಿಚಯವಾಗಿದ್ದವು. ಅವನ ಮನಸ್ಸಿನಲ್ಲಿದ್ದದ್ದು, 'ಸುಟ್ಟ ಮೋಟಾರ್ ಸುತ್ತಿ ಕೊಡಲಾಗುವುದು.' ಆದರೆ ಇಂಗ್ಲಿಷಿಗೆ ತ-ವೂ ಒಂದೇ, ಟ-ವೂ ಒಂದೇ. ವಿಶ್ವನಾಥನ ಕಂಪ್ಯೂಟರು ಅದನ್ನು 'ಸುತ್ತ ಮೋಟಾರ್ ಸುಟ್ಟಿ' ಎಂದು ಕನ್ನಡಕ್ಕೆ ತಿರುಗಿಸಿತು. ಸುಟ್ಟಿ ಎಂದರೇನು ಎಂದು ವಿಶ್ವನಾಥ ತಲೆ ಕೆರೆದುಕೊಂಡು, ಪಾಪ, ವ್ಯಾಕರಣದ ಮೇಲಿನ ಗೌರವದಿಂದ 'ಸುಟ್ಟು' ಎಂದು ತಿದ್ದಿದ.

"ಬಾಷಣ್ಣ, ಒಂದ್ಸಲ ಓದಿ ಓಕೆ ಮಾಡ್ರಿ" ಎಂದು ಫೋಟೋ ಕಳಿಸಿದ.

ಹಳದಿ ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಮೂಲೆಯಲ್ಲಿ ತನ್ನದೇ ಭಾವಚಿತ್ರ! ಅಕ್ಷರಗಳೆಲ್ಲ ದುಂಡಗಿದ್ದವು. ಇನ್ನೇನು ಬೇಕು? ಜಿಲಾನ್ ಬಾಷಾ ಓಕೆ ಎಂದ.

ಮರುದಿನ ಬೆಳಿಗ್ಗೆ ಬೋರ್ಡು ಏರಿತು. ಜಿಲಾನ್ ಬಾಷಾ ಕೆಳಗೆ ಕುರ್ಚಿ ಹಾಕಿಕೊಂಡು ಮದುಮಗನಂತೆ ಕೂತ. ಮೊದಲು ಬಂದವನು ನನ್ನಿವಾಳದ ಕಾಮಣ್ಣ, ಹಳೇ ಗಿರಾಕಿ. ಮೋಟಾರನ್ನು ಹೆಗಲಿನಿಂದ ಇಳಿಸದೆ ಮೇಲೆ ನೋಡುತ್ತಾ ನಿಂತ.

"ಏನ್ ಬಾಷಣ್ಣ, ಸುತ್ತಮುತ್ತ ಇರೋ ಮೋಟ್ರೆಲ್ಲ ಸುಡ್ತೀಯಂತೆ? ನಂದು ಮನೇಲೇ ಸುಟ್ಕಂಡು ಬಂದೀನಲ್ಲಪ್ಪ, ಇನ್ನೊಂದ್ಸಲ ಸುಡ್ತೀಯಾ?"

"ಹಂಗಂತ ಯಾರಂದ್ರು?"

"ನೀನೇ ಬರೆಸೀಯಲ್ಲಪ್ಪ, ಫೋಟೋ ಸಮೇತ!"

ಕಾಮಣ್ಣ ಬೆರಳಿಟ್ಟು ಓದಿ ಹೇಳಿದ. ಜಿಲಾನ್ ಬಾಷಾನಿಗೆ ಮೈಯೆಲ್ಲ ಶಾರ್ಟ್ ಸರ್ಕ್ಯೂಟ್ ಆದಂತಾಯಿತು. ಏಣಿಗೆ ಓಡಿದ. ಏಣಿಯನ್ನು ಎದುರಿನ ಎಣ್ಣೆ ಮಿಲ್ಲಿನವರು ಒಯ್ದಿದ್ದರು. ಕಾಮಣ್ಣ ಅಷ್ಟರಲ್ಲಿ ತಮಾಷೆಗೆಂದು ಒಂದು ಫೋಟೋ ಹೊಡೆದು ಊರಿನ ಗುಂಪಿಗೆ ಕಳಿಸಿದ್ದ. ಊರು ಹೋಬಳಿಗೆ ಕಳಿಸಿತು, ಹೋಬಳಿ ತಾಲ್ಲೂಕಿಗೆ ಕಳಿಸಿತು. ಏಣಿ ಬರುವುದರೊಳಗೆ ಹೆಗಲಿಗೆ ಹಳದಿ ಕೆಂಪು ಶಾಲು ಹಾಕಿದ ಹುಡುಗರು ಬಂದರು.

ಮುಂದೆ ಇದ್ದವನು ದುರುಗೇಶ್. ಪಕ್ಕದ ಬೀದಿಯವನು, ಚಡ್ಡಿ ಹಾಕಿಕೊಂಡು ಬಂದು ಇದೇ ಅಂಗಡಿಯ ತುಂಡು ತಂತಿಯಲ್ಲಿ ಬಂಡಿ ಮಾಡಿ ಆಡುತ್ತಿದ್ದವನು. ಅವನ ಮುಖ ಕಂಡು ಜಿಲಾನ್ ಬಾಷಾನಿಗೆ ಹೋದ ಜೀವ ಬಂತು.

"ಲೇ ದುರುಗ, ನೀನೇನಲೇ! ಬಾರೋ, ಟೀ ಹೇಳ್ತೀನಿ. ಒಂದು ಎಡವಟ್ಟಾಗೈತೆ ನೋಡು..."

"ಲೇ ಗೀ ಅನ್ಬೇಡಿ" ಎಂದ ದುರುಗೇಶ್. "ಕ್ಯಾಮೆರಾ ಆನ್ ಐತೆ. ಕನ್ನಡ ಅಂದ್ರೆ ನಿಮಗೆ ತಮಾಷೆನಾ?"

"ಅಯ್ಯೋ, ಕಂಪ್ಯೂಟರ್ ತಪ್ಪಪ್ಪ ಅದು. ಈಗ್ಲೇ ಇಳಿಸ್ತೀನಿ."

"ಇಳಿಸೋದಲ್ಲ. ಕೈ ಮುಗಿದು ಕ್ಷಮೆ ಕೇಳ್ಬೇಕು. ಇದನ್ನ ಓದಿ."

ದುರುಗೇಶ್ ತನ್ನ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದ. ಕನ್ನಡ ತಾಯಿಗೆ ಸಲ್ಲಬೇಕಾದ ಕ್ಷಮಾಪಣೆ ಇಂಗ್ಲಿಷ್ ಅಕ್ಷರಗಳಲ್ಲಿತ್ತು! ಜಿಲಾನ್ ಬಾಷಾ ಕೈ ಮುಗಿದು, ಕೂಡಿಸಿ ಕೂಡಿಸಿ ಓದಿದ:

"ಕನ್ನಡದ... ಮೇಲೆ... ಆನೆ..."

ರಸ್ತೆಯೇ ಘೊಳ್ಳೆಂದಿತು. ಬಾಳೆಹಣ್ಣಿನ ಗಾಡಿಯವನು ನಕ್ಕ, ಮಿಲ್ಲಿನ ಹಮಾಲರು ನಕ್ಕರು, ತಡೆಯಲಾರದೆ ಕಾಮಣ್ಣನೂ ನಕ್ಕ. ತಾನೇನು ತಪ್ಪು ಓದಿದೆ ಎಂದು ತಿಳಿಯದೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ಜಿಲಾನ್ ಬಾಷಾನೂ ಸ್ವಲ್ಪ ನಕ್ಕ. ಅದೇ ತಪ್ಪಾಯಿತು.

ಹಿಂದಿನಿಂದ ಯಾರೋ ಅವನ ತಲೆಗೆ ಹೊಡೆದರು. ಟೋಪಿ ಚರಂಡಿಗೆ ಬಿತ್ತು.

"ನಗ್ತೀಯಾ? ಆಣೆ ಅನ್ನೋ! ಣ, ಣ!"

ನಗು ಟಪ್ಪೆಂದು ನಿಂತಿತು. "ದೊಡ್ಡೋರು ಕಣ್ರಪ್ಪ, ಬಿಡ್ರಿ" ಎಂದ ಕಾಮಣ್ಣ. ದುರುಗೇಶ್ ಹೊಡೆದವನ ಕಡೆ ಒಮ್ಮೆ ತಿರುಗಿ ನೋಡಿದ. ಮತ್ತೆ ಮೊಬೈಲು ಎತ್ತಿ ಹಿಡಿದ.

"ಮೊದಲಿಂದ ಓದಿ."

ಅದೇ ಹೊತ್ತಿಗೆ ಎದುರಿನ ಸ್ಟಾಪಿನಲ್ಲಿ ಬಸ್ಸು ನಿಂತು, ಕೈಚೀಲ ಹಿಡಿದ ನೂರ್ ಬೀ ಇಳಿದಳು. ಗಂಡ ಬರಿತಲೆಯಲ್ಲಿ, ಮೊಬೈಲಿಗೆ ಕೈ ಮುಗಿದು ನಿಂತದ್ದನ್ನು ಕಂಡಳು. ಅವಳು ಕಂಡದ್ದನ್ನು ಅವನು ಕಂಡ. ಈ ಸಲ ಒಂದು ಅಕ್ಷರವೂ ತಪ್ಪಲಿಲ್ಲ. ಅವನ ಬಾಯಲ್ಲಿ ಎಂದೂ ನಿಲ್ಲದ ಣ ಮೊಳೆ ಹೊಡೆದಂತೆ ನಿಂತಿತು.

ಹುಡುಗರು ಫ್ಲೆಕ್ಸನ್ನು ಹರಿದು ರಸ್ತೆಯಲ್ಲೇ ಬೆಂಕಿ ಇಟ್ಟರು. ಬೋರ್ಡಿನಲ್ಲಿದ್ದ ಮಾತನ್ನು ನಡೆಸಿಕೊಟ್ಟವರು ಅವರೇ!

ಸಂಜೆ ನೂರ್ ಬೀ ಟೋಪಿ ಒಗೆದು ಹಗ್ಗಕ್ಕೆ ಹಾಕಿದಳು. ತಟ್ಟೆ ಇಟ್ಟಳು. ಜಿಲಾನ್ ಬಾಷಾ ರೊಟ್ಟಿ ಮುರಿದ, ತಿನ್ನಲಿಲ್ಲ.

"ಈ ಕಾನೂನೇ ಸರಿಯಿಲ್ಲ. ನನ್ನ ಅಂಗಡಿ, ನನ್ನ ಗೋಡೆ! ಏನ್ ಬರೀಬೇಕು ಅಂತ ಹೇಳೋಕೆ ಇವರ್ಯಾರು?"

"ಈ ಊರಿನ ನೀರು ಕುಡೀತೀವಿ, ಈ ಊರಿನ ಭಾಷೆ ಬರೀರಿ ಅಂದ್ರೆ ತಪ್ಪೇನಿಲ್ಲ" ಎಂದಳು ನೂರ್ ಬೀ, ಕನ್ನಡದಲ್ಲೇ. "ಕಾನೂನು ಬೋರ್ಡ್ ಬರೀರಿ ಅಂತು. ಕೈ ಮುಗೀರಿ ಅನ್ಲಿಲ್ಲ. ತಲೆಗೆ ಹೊಡೀರಿ ಅಂತ ಅವರಿಗೂ ಅನ್ಲಿಲ್ಲ."

"ಮತ್ತೆ ಹೊಡೆದ್ರಲ್ಲ?"

"ಹೊಡೆಯೋರಿಗೆ ಒಂದು ನೆಪ ಸಿಕ್ತು." ಅವಳು ಪಲ್ಯ ಬಡಿಸುತ್ತಾ ಕೇಳಿದಳು, "ಮಾವನವರ ಬೋರ್ಡ್ ಎಲ್ಲಿ?"

"ಗುಜರಿಗೆ ಹಾಕಿದೆ. ಉರ್ದು ಇತ್ತಲ್ಲ."

"ಮೇಲೊಂದು ಸಾಲು ಉರ್ದು. ಅದರ ಕೆಳಗೆ ಅಷ್ಟಗಲ ಇದ್ದದ್ದು ಏನು ಅಂತ ತಿಳ್ಕೊಂಡಿದ್ರಿ?"

"ತೆಲುಗಲ್ವಾ ಅದು?" ಎಂದ ಜಿಲಾನ್ ಬಾಷಾ.

"ಕನ್ನಡ ಕಣ್ರೀ. ಮುಕ್ಕಾಲು ಬೋರ್ಡ್ ಕನ್ನಡಾನೇ ಇತ್ತು. ಉರ್ದು ಸಾಲನ್ನ ಕೆಳಗಿಳಿಸಿದ್ರೆ ಮುಗೀತಿತ್ತು."

ಅವನು ಎದ್ದು ಕೈ ತೊಳೆದ. ಗುಜರಿಯವನ ಲಾರಿ ಆಗಲೇ ಊರು ಬಿಟ್ಟಿತ್ತು.

ಹೊಸ ಬೋರ್ಡನ್ನು ನೂರ್ ಬೀಯೇ ಬರೆದಳು. ಅಂಗಳದಲ್ಲಿ ತಗಡು ಹಾಸಿ, ಮಂಡಿಯೂರಿ, ಒಂದೊಂದೇ ಅಕ್ಷರ ತೀಡಿದಳು. ಜಿಲಾನ್ ಬಾಷಾ ಡಬ್ಬ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಬೋರ್ಡು ಅಚ್ಚುಕಟ್ಟಾಗಿ ಬಂತು. ಆದರೆ ಅದನ್ನು ಓದುವವರು ಯಾರು? ವಿಡಿಯೋ ಎಲ್ಲ ಕಡೆ ಹೋಗಿತ್ತು. ಬಸ್ಸಿಳಿದವರು "ಆನೆ ಬಾಷಾ ಅಂಗಡಿ ಎಲ್ಲೈತೆ?" ಎಂದೇ ಕೇಳುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ನೂರ್ ಬೀ ಊಟದ ಡಬ್ಬಿ ತಂದಿದ್ದ ಹೊತ್ತಿಗೆ, ದುರುಗೇಶ್ ಬಂದ. ಈ ಸಲ ಒಬ್ಬನೇ. ಹೆಗಲ ಮೇಲೆ ಮೋಟಾರು.

"ಬಾಷಣ್ಣ, ಮನೆ ಮೋಟ್ರು ಸುಟ್ಟೋಗೈತೆ. ಅವ್ವ ದೂರದಿಂದ ನೀರು ಹೊರ್ತಾಳೆ. ಸ್ವಲ್ಪ ಬೇಗ ಮಾಡ್ಕೊಡ್ರಿ." ನೆಲ ನೋಡುತ್ತಾ ಸೇರಿಸಿದ, "ಆ ವಿಡಿಯೋ ಡಿಲೀಟ್ ಮಾಡೀನಿ. ನನ್ನ ಫೋನಿಂದ."

ಈ ಗಳಿಗೆಗಾಗಿ ಜಿಲಾನ್ ಬಾಷಾ ಎಷ್ಟು ಮಾತು ಕೂಡಿಟ್ಟಿದ್ದ! ತಂತಿ ಸುತ್ತುವಾಗ, ನಮಾಜಿಗೆ ನಡೆಯುವಾಗ, ಬೈಗುಳಕ್ಕೆ ಸಾಣೆ ಹಿಡಿದದ್ದೇ ಹಿಡಿದದ್ದು! ಎದ್ದು ನಿಂತ, ಎದೆ ಉಬ್ಬಿಸಿದ, ಬಾಯಿ ತೆರೆದ. ಕೈಗಳು ತಾವಾಗಿಯೇ ಹತ್ತಿರ ಬಂದವು.

"ಆಯ್ತು ಸಾರ್. ಸಾಯಂಕಾಲ ಬನ್ನಿ" ಎಂದ.

ದುರುಗೇಶನ ಮುಖ ಬಿಳಿಚಿತು.

"ಯಾಕಣ್ಣಾ, ನನಗೆ ಬನ್ನಿ ಅಂತೀಯಾ? ಇದೇ ಅಂಗಡೀಲಿ ಆಡಿ ಬೆಳೆದೋನು ನಾನು."

ಡಬ್ಬಿಯ ಮುಚ್ಚಳ ಬಿಚ್ಚುತ್ತಾ ನೂರ್ ಬೀ ಹೇಳಿದಳು: "ಕನ್ನಡ ಕಲೀತಾ ಅವ್ರೆ ಕಣಪ್ಪ. ನೀನೇ ಅಲ್ವಾ ಮೇಷ್ಟ್ರು?"