ಕಲ್ಲು ಬೇಯಿಸಿದ ನಮ್ಮಣ್ಣ

ಆ ವರ್ಷ ನಮ್ಮಣ್ಣನಿಗೆ ಹುಚ್ಚು ಹಿಡಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಡಿಯಬೇಕಾದರೆ ಮೊದಲು ಬಿಟ್ಟಿರಬೇಕಲ್ಲ!

ನಲವತ್ತೆಂಟನೇ ಇಸವಿಯಲ್ಲಿ ನಾನು ಎರಡನೇ ಹೆರಿಗೆಗೆಂದು ನೆಲೋಗಿಯ ತವರಿಗೆ ಬಂದಿದ್ದೆ. ರಜಾಕಾರರ ಗಲಾಟೆಯಲ್ಲಿ ಸೊಲ್ಲಾಪುರದ ಕಡೆಯ ಸರಕು ನಿಂತು, ಜೇವರ್ಗಿ ಪೇಟೆಯಲ್ಲೂ ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ. ನಮ್ಮ ಹೆರಿಗೆ ಕೋಣೆಗೋ ಕಿಟಕಿಯೇ ಇಲ್ಲ, ನಡುಮಧ್ಯಾಹ್ನವೂ ಕತ್ತಲೆ. ಪಣತಿ ಹಚ್ಚಿದರೂ ಕಪ್ಪು ಗೋಡೆಗಳೇ ಬೆಳಕು ನುಂಗುತ್ತಿದ್ದವು. ನನ್ನ ಮೊದಲ ಕೂಸು ಅಲ್ಲೇ ಹುಟ್ಟಿ ಅಲ್ಲೇ ಕಣ್ಮುಚ್ಚಿತ್ತು. ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ದಳು, ಮುಖ ಕಾಣಲೇ ಇಲ್ಲ. "ಈ ಸಲ ಕೂಸಿನ ಮಾರಿ ನೋಡಬೇಕಣ್ಣಾ" ಎಂದದ್ದೇ ನನ್ನ ತಪ್ಪು.

ಬೆಲ್ಲ ಕಟ್ಟಿಕೊಟ್ಟ ಉರ್ದು ಅಖಬಾರಿನ ತುಂಡಿನಲ್ಲಿ ಅಣ್ಣ ಒಂದು ಸುದ್ದಿ ಓದಿದ್ದ. ಯಾವುದೋ ಚಳಿ ದೇಶದಲ್ಲಿ ನೆಲದೊಳಗಿನ ಕಲ್ಲನ್ನೇ ಕಾಯಿಸಿ ಎಣ್ಣೆ, ಗ್ಯಾಸು ತೆಗೆಯುತ್ತಾರಂತೆ! ಎಂಥ ಕಲ್ಲು? ಆ ಸಾಲು ಬೆಲ್ಲಕ್ಕೆ ಅಂಟಿ ಹರಿದುಹೋಗಿತ್ತು. ಅಣ್ಣನಿಗೆ ಅದೇನು ದೊಡ್ಡದು?

"ನಮ್ಮ ಅಂಗಳದಾಗ ಹಾಸಿದ ಫರಸಿ ಕಲ್ಲಿಗಿಂತ ಛಲೋ ಕಲ್ಲು ಅವರ ಬಲ್ಲಿ ಎಲ್ಲದ?"

ಜೋಳ ತುಂಬುವ ನೆಲದಡಿಯ ಹಗೇವು ಖಾಲಿಯಿತ್ತು. ಅದರೊಳಗೆ ಕಲ್ಲು, ಕಟ್ಟಿಗೆ, ಅವ್ವ ನನ್ನ ಬಾಣಂತನಕ್ಕೆಂದು ಕೂಡಿಟ್ಟ ಕುಳ್ಳು ಎಲ್ಲ ಒಟ್ಟಿ ಬೆಂಕಿ ಇಟ್ಟ. ಬಾಯಿಗೆ ಮಣ್ಣು ಮೆತ್ತಿ, ಅಲ್ಲೊಂದು ಬಿದಿರ ಕೊಳವೆ ಸಿಕ್ಕಿಸಿದ. ನಾಲ್ಕು ದಿನ ಊರೆಲ್ಲ ಕೆಮ್ಮಿತು. ಐದನೇ ದಿನ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದ. ಪುಸ್ಸೆಂದು ಆರಿತು. ಇನ್ನೊಂದು ಗೀರಿದ, ಅದೂ ಆರಿತು.

"ನೋಡ ಬೇ! ಗ್ಯಾಸ ಬರಾಕತ್ತದ!"

"ಇದ್ದ ಬೆಳಕೂ ಆರಸೋ ಗ್ಯಾಸ ನನಗ್ಯಾಕಣ್ಣಾ?"

"ಹಂಗಾದ್ರ ಎಣ್ಣಿ ತಳದಾಗ ಕುಂತದ" ಎಂದವನೇ, ಅದು ತೇಲಿ ಬರಲೆಂದು ಬಾಯಿಯ ಮಣ್ಣು ಕಿತ್ತು ಎರಡು ಕೊಡ ನೀರು ಸುರಿದ. ಹಗೇವು ಬುಸುಗುಟ್ಟಿ ಕುದಿಯಿತು ನೋಡಿ, ಅಣ್ಣ ಹಾರಿ ಎಮ್ಮೆಯ ಗೋದಲಿಯಲ್ಲಿ ಬಿದ್ದ! ತಣ್ಣಗಾದ ಮೇಲೆ ಅವ್ವ ಇಣುಕಿದಳು.

"ಲೇ ಮೂಳಾ, ಇದು ಸುಣ್ಣ! ಎಲಿಗಿ ಹಚ್ಚೋ ಸುಣ್ಣ!"

ಊರಿಗೆ ಊರೇ ಸುಣ್ಣದ ಡಬ್ಬಿ ಹಿಡಿದು ಬಂತು. ಅಣ್ಣ ಎರಡು ದಿನ ನನ್ನ ಕಣ್ಣಿಗೆ ಬೀಳಲಿಲ್ಲ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೂರನೇ ದಿನ ಮಧ್ಯಾಹ್ನ ಬೇನೆ ಎದ್ದಿತು. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟೆ. ಮಸಿ ಹಿಡಿದಿದ್ದ ನಾಲ್ಕೂ ಗೋಡೆ, ತೊಲೆ, ಗೂಡು, ಎಲ್ಲ ಬೆಳ್ಳಗೆ! ಅಣ್ಣ ಆ ಸುಣ್ಣವನ್ನೇ ಮೂರು ಸಲ ಬಳಿದಿದ್ದ. ಅವನ ಬೆರಳಿಗೆಲ್ಲ ಬೊಬ್ಬೆ ಎದ್ದಿದ್ದವು. ಕುಸುಬಿ ಎಣ್ಣೆಯ ಒಂದೇ ಒಂದು ಪಣತಿ ಕೋಣೆ ತುಂಬ ಬೆಳಗುತ್ತಿತ್ತು.

ಮಗಳು ಹುಟ್ಟಿ, ಜೋರಾಗಿ ಅತ್ತಳು. ಹೊರಗಿನಿಂದ ಅಣ್ಣನ ದನಿ ಬಂತು.

"ಮಾರಿ ಕಾಣ್ತದೇನ ಬೇ?"

"ಕಾಣ್ತದಣ್ಣಾ. ಮೂಗು ನಿಂದೇ ಅದ" ಎಂದೆ. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದೆ.