ಬದನೆಕಾಯಿಯ ಸಂದರ್ಶನ

ನನ್ನ ದೊಡ್ಡಪ್ಪ ಜೀವಮಾನದಲ್ಲಿ ಒಂದು ದಿನವೂ ತರಕಾರಿ ಕೊಂಡವರಲ್ಲ. ಹಾಗೆಂದು ಅವರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲವೆಂದು ಭಾವಿಸಬೇಡಿ. ಅವರು ಮಾಡುತ್ತಿದ್ದುದಕ್ಕೆ ‘ಕೊಳ್ಳುವುದು’ ಎಂಬ ಹಗುರವಾದ ಮಾತು ಸಾಲದು, ಅಷ್ಟೆ. ಅವರು ತರಕಾರಿಯನ್ನು ನೇಮಕ ಮಾಡಿಕೊಳ್ಳುತ್ತಿದ್ದರು!

ಸರ್ಕಾರಿ ಕಚೇರಿಯೊಂದರ ನೇಮಕಾತಿ ವಿಭಾಗದಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದು, ತೊಂಬತ್ತರ ದಶಕದ ಮೊದಲಲ್ಲಿ ನಿವೃತ್ತರಾದವರು ಅವರು. ಕಚೇರಿ ಅವರನ್ನು ಬಿಟ್ಟಿತೇ ಹೊರತು ಅವರು ಕಚೇರಿಯನ್ನು ಬಿಡಲಿಲ್ಲ. ಬೆಳಗ್ಗೆ ಆರೂವರೆಗೆ ಇಸ್ತ್ರಿ ಷರಟು ತೊಟ್ಟು, ಖಾಲಿ ಚೀಲವನ್ನು ಕಡತದ ಹಾಗೆ ಕಂಕುಳಲ್ಲಿಟ್ಟು, ಗೋಕುಲಂನ ಮನೆಯಿಂದ ಒಂಟಿಕೊಪ್ಪಲಿನ ಮಾರುಕಟ್ಟೆಗೆ ನಡೆದೇ ಹೊರಡುತ್ತಿದ್ದರು. ಅಲ್ಲಿ ತರಕಾರಿ ಮಾರುವ ನಿಂಗಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದು ಬದನೆಕಾಯಿಯನ್ನು ಬೆಳಕಿಗೆ ಹಿಡಿದರೆಂದರೆ ಸಂದರ್ಶನ ಆರಂಭ.

“ಸ್ವಂತ ಊರು?”

“ಈರನಗೆರೆ ಕಡೇದು ಸಾಮಿ,” ಎಂದು ಬದನೆಕಾಯಿಯ ಪರವಾಗಿ ನಿಂಗಮ್ಮ ಉತ್ತರಿಸುವಳು.

“ಕಿತ್ತಿದ್ದು ಯಾವಾಗ?”

“ನೆನ್ನೆ ಸಂಜೆ.”

“ಮುಖ ನೋಡಿದ್ರೆ ಮೊನ್ನೆ ಅನ್ಸುತ್ತೆ.”

“ಅಯ್, ಮಗ್ಳಿಗೆ ಗಂಡು ನೋಡೋವಾಗ್ಲೂ ನಾನು ಇಷ್ಟು ಕೇಳ್ನಿಲ್ಲ ಕಣ್ರೀ!”

“ಅದಕ್ಕೇ ಅಳಿಯ ಹಾಗಿದಾನೆ.”

ಎಂಟು ಅಭ್ಯರ್ಥಿಗಳಲ್ಲಿ ಇಬ್ಬರು ಆಯ್ಕೆಯಾದರೆ ಅದು ಸುಭಿಕ್ಷದ ದಿನ. ಅಂದಿನದು ಅಂದಿಗೆ, ನಾಳಿನದು ನಾಳೆಗೆ. ಮನೆಗೆ ಫ್ರಿಜ್ ಬೇಕೆಂದವರಿಗೆ, “ತರಕಾರಿಗಳ ಶವಾಗಾರ ನನ್ನ ಮನೇಲಿ ಬೇಡ” ಎಂಬ ಒಂದೇ ಹಿಂಬರಹ.

ಇಂಥ ಮನೆಗೆ ಸಕ್ಕರೆ ಕಾಯಿಲೆ ಬಂತು. ಅರ್ಜಿ ಹಾಕದೆ, ಸಂದರ್ಶನಕ್ಕೆ ನಿಲ್ಲದೆ, ನೇರವಾಗಿ ದೊಡ್ಡಮ್ಮನಿಗೇ ಬಂತು. ಡಾಕ್ಟರು, “ಊಟದ್ದು ಯಜಮಾನ್ರು ನೋಡ್ಕೋತಾರೆ ಬಿಡಿ. ಆದ್ರೆ ನೀವು ದಿನಾ ನಲವತ್ತು ನಿಮಿಷ ನಡೀಲೇಬೇಕಮ್ಮ” ಎಂದರು. ದೊಡ್ಡಮ್ಮನ ತಾಯಿ ಇದೇ ಕಾಯಿಲೆಯಲ್ಲಿ ಒಂದು ಪಾದ ಕಳೆದುಕೊಂಡವರು. ಅವರನ್ನು ಆಸ್ಪತ್ರೆಯಿಂದ ಎತ್ತಿಕೊಂಡು ಬಂದ ಕೈಗಳಲ್ಲಿ ದೊಡ್ಡಪ್ಪನವೂ ಎರಡಿದ್ದವು. ಹಾಗಾಗಿ ಯಾರು ಏನು ಹೇಳಿದರೂ ನಾಲ್ಕು ಆಕ್ಷೇಪಣೆ ಎತ್ತುವ ಅವರು ಅಂದು ಆ ನಲವತ್ತು ನಿಮಿಷಕ್ಕೆ ಅಲ್ಲೇ ಮಂಜೂರಾತಿ ಕೊಟ್ಟು ಎದ್ದು ಬಂದರು.

ಆದರೆ ದೊಡ್ಡಮ್ಮ ನಡೆಯಬೇಕಲ್ಲ! ಮದುವೆಯಾದಂದಿನಿಂದ ಕೆಲಸವಿಲ್ಲದೆ ಹೊಸಿಲು ದಾಟಿದ ಹೆಂಗಸಲ್ಲ ಅವರು. ದೇವಸ್ಥಾನಕ್ಕೆ ಹೋದರೂ ಬರುವಾಗ ಹೂವು ತರುವ ಕೆಲಸ ಇಟ್ಟುಕೊಂಡೇ ಹೋಗುವವರು.

“ಸುಮ್ನೆ ಹೋಗಿ ಸುಮ್ನೆ ಬರಕ್ಕೆ ನಾನೇನು ಸಿಟಿ ಬಸ್ಸಾ?” ಎಂದರು.

ದೊಡ್ಡಪ್ಪ ಉಪಾಯದಿಂದ ಒಂದು ದಿನ ಪಾರ್ಕಿಗೆ ಕರೆದೊಯ್ದರು. ಅಲ್ಲಿ ಜನ ಬಿಳಿ ಬೂಟು ಹಾಕಿ, ಕೈ ಬೀಸಿಕೊಂಡು ಸುತ್ತುತ್ತಿದ್ದರು. ದೊಡ್ಡಮ್ಮ ಮರುಕದಿಂದ ನೋಡಿ, “ಪಾಪ, ಏನು ಕಳ್ಕೊಂಡಿದಾರೆ ಇವ್ರೆಲ್ಲ?” ಎಂದು ಕೇಳಿ, ಅರ್ಧ ಸುತ್ತಿಗೇ ಬೆಂಚು ಹಿಡಿದು, ಪಕ್ಕದ ಹೆಂಗಸಿನಿಂದ ಮಜ್ಜಿಗೆ ಹುಳಿಯ ಹೊಸ ವಿಧಾನ ಕಲಿತು ಬಂದರು. ವ್ಯಾಯಾಮವಾದದ್ದು ನಾಲಿಗೆಗೆ ಮಾತ್ರ!

ನಮ್ಮ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಪರದೇಶದವರಿಗೆ ಬರವೇ? ಎದುರುಮನೆಯ ತಾರಸಿಯಲ್ಲೇ ದಿನವೂ ನಾಲ್ಕು ಜನ ಶೀರ್ಷಾಸನ ಹಾಕುತ್ತಿದ್ದರು. ನೋಡಿ, ನಮ್ಮ ನಾಡಿನ ವಿದ್ಯೆ, ನೀವೂ ಕಲಿಯಬಾರದೇ ಎಂದು ನಾನೇ ಕೇಳಿದೆ. ದೊಡ್ಡಮ್ಮ, “ತಲೆಕೆಳಗೆ ನಿಂತು ಆರೋಗ್ಯ ಬರೋದಾದ್ರೆ ಬಾವಲಿ ನೂರು ವರ್ಷ ಬದುಕ್ಬೇಕಿತ್ತು ಕಣೋ” ಎಂದು ನನ್ನ ಬಾಯಿ ಮುಚ್ಚಿಸಿದರು.

ಆ ಹೊತ್ತಿಗೆ ಊರಿಗೆ ತಣ್ಣನೆ ಗಾಳಿಯ ದೊಡ್ಡ ದಿನಸಿ ಅಂಗಡಿಗಳು ಬಂದಿದ್ದವು. ಸಕ್ಕರೆ ಇಲ್ಲದ ತಿಂಡಿ ಸಿಗುತ್ತದಂತೆ ಎಂದು ದೊಡ್ಡಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ಪೂರ್ವಜನ್ಮದ ಕರ್ಮ. ಅವರು ಜೇಬಿನಿಂದ ಭೂತಗನ್ನಡಿ ತೆಗೆದು, ಒಂದು ಹಣ್ಣಿನ ರಸದ ಪೊಟ್ಟಣದ ಬೆನ್ನಿನ ಮೇಲಿದ್ದ ಇರುವೆ ಸಾಲಿನಂಥ ಅಕ್ಷರಗಳನ್ನು ಆದಿಯಿಂದ ಅಂತ್ಯದವರೆಗೆ ಪಾರಾಯಣ ಮಾಡಿದರು. ಹಿಂದೆ ತಳ್ಳುಗಾಡಿಗಳ ಮೆರವಣಿಗೆಯೇ ನಿಂತಿತು.

ಅಂಗಡಿಯ ಹುಡುಗಿ ಬಂದು, “ಸಾರ್, ಎಲ್ರೂ ಫೋಟೋ ನೋಡಿ ತಗೋತಾರೆ” ಎಂದಳು.

“ಫೋಟೋ ನೋಡಿ ನಾನು ಮದುವೇನೇ ಆಗ್ಲಿಲ್ಲ ಕಣಮ್ಮ, ಮಾವಿನ ರಸ ತಗೋತೀನಾ? ಇದ್ರಲ್ಲಿ ಮಾವು ಇರೋದು ಫೋಟೋದಲ್ಲಿ ಮಾತ್ರ. ಒಳಗಿರೋದು ಸಕ್ಕರೆ ನೀರು!”

ಬರಿಗೈಯಲ್ಲಿ ಬಂದೆವು. ದಾರಿಯಲ್ಲಿ ಅವರು ಎರಡು ಸೀಬೆಕಾಯನ್ನು ಸಂದರ್ಶಿಸಿ, ಒಂದಕ್ಕೆ ನೇಮಕಾತಿ ಆದೇಶ ಕೊಟ್ಟರು.

ಕೊನೆಯ ಅಸ್ತ್ರವೆಂದು ಹೆಂಡತಿಗೆ ಹೇಳಿದರು: “ನಾಳೆಯಿಂದ ಮಾರ್ಕೆಟ್ಟಿಗೆ ನೀನೇ ಹೋಗು.”

“ಆರಿಸೋಕೆ ನೀವು ಗಟ್ಟಿಯಾಗಿರುವಾಗ ನಾನ್ಯಾಕೆ ಹೋಗ್ಲಿ? ನಾನು ತಂದದ್ದನ್ನ ನೀವು ಒಪ್ಪೋದುಂಟಾ?”

ಮಾತು ನ್ಯಾಯವಾದದ್ದೇ. ದೊಡ್ಡಪ್ಪ ಚೀಲ ಎತ್ತಿಕೊಂಡು ತಾವೇ ಹೊರಟರು.

ಇದಾದ ಒಂದು ವಾರಕ್ಕೆ ನಮ್ಮ ವಂಶಕ್ಕೇ ಆಘಾತವಾಗುವ ಸಂಗತಿ ನಡೆಯಿತು. ದೊಡ್ಡಪ್ಪ ಹುಳುಕು ಬದನೆಕಾಯಿ ತಂದರು! ಮರುದಿನ ನಾರು ಬಿದ್ದ ಹುರುಳಿಕಾಯಿ. ಅದರ ಮರುದಿನ ಬೆಂಡೆಕಾಯಿಯೆಂಬ ಹೆಸರಿನ ಸೌದೆ.

“ಏನ್ರೀ ಇದು! ಕಣ್ಣು ಎಲ್ಲಿಟ್ಟಿದ್ರಿ?”

“ಚೆನ್ನಾಗೇ ಇತ್ತಲ್ಲೇ. ಬೇಡ ಅಂದ್ರೆ ಬದಲಾಯಿಸ್ಕೊಂಡು ಬರ್ತೀನಿ ತಾ.”

“ನಿಮ್ಮನ್ನ ಕಳಿಸಿದ್ರೆ ಇನ್ನೊಂದು ಹುಳ ತರ್ತೀರ. ನಾನೇ ಹೋಗ್ತೀನಿ, ಆ ನಿಂಗಮ್ಮನ್ನ ಕೇಳೇ ಬಿಡ್ತೀನಿ ಇವತ್ತು!”

ಹೀಗೆ ದೊಡ್ಡಮ್ಮ ಸೆರಗು ಸಿಕ್ಕಿಸಿ ಹೊರಟರು. ಆಟೋದಲ್ಲಿ ಹೋಗಿ ಎಂದರೆ, “ಕಾಲು ಕೇಜಿ ಹುರುಳೀಕಾಯಿಗೆ ಆಟೋನಾ?” ಎಂದು ನನ್ನ ಮೇಲೇ ಹರಿಹಾಯ್ದರು. ಕೋಪದಲ್ಲಿ ಅವರ ನಡಿಗೆ ಎಷ್ಟು ಬಿರುಸೆಂದರೆ, ಪಾರ್ಕಿನ ಬಿಳಿ ಬೂಟುಗಳು ನಾಚಬೇಕು. ದಿನವೂ ಇದೇ ಕಥೆ. ಭಾನುವಾರವೂ ರಜೆಯಿಲ್ಲ!

ನೆಂಟರಲ್ಲಿ ಗುಸುಗುಸು ಹಬ್ಬಿತು. “ಅರಳು ಮರಳು ಶುರುವಾಯ್ತು ಕಣೋ” ಎಂದು ನನ್ನಮ್ಮ ಕಣ್ಣೊರೆಸಿಕೊಂಡರು. ಒಂದು ಕಾಲಕ್ಕೆ ಅವರನ್ನು ಕೇಳಿ ಕುಂಬಳಕಾಯಿ ಕೊಳ್ಳುತ್ತಿದ್ದ ಬೀದಿಯವರು ಈಗ ಅವರ ಚೀಲದೊಳಗೆ ಇಣುಕಿ ನಗುತ್ತಿದ್ದರು. ದೊಡ್ಡಪ್ಪ ಎಲ್ಲರ ನಗೆಯನ್ನೂ ಸ್ವೀಕೃತಿ ಮುದ್ರೆ ಹಾಕಿದವರ ಗಾಂಭೀರ್ಯದಿಂದ ಸ್ವೀಕರಿಸಿದರು.

ಆರು ತಿಂಗಳ ಮೇಲೆ ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಬೆರಗಾಗಿ, “ಇಷ್ಟು ಹತೋಟಿಗೆ ಬಂದಿದೆ! ಏನಮ್ಮ ಮಾಡ್ತಿದೀರಿ?” ಎಂದು ಕೇಳಿದರು.

“ನಾನೇನೂ ಮಾಡ್ತಿಲ್ಲ ಡಾಕ್ಟ್ರೇ. ಇವರ ಬುದ್ಧಿ ಕೆಟ್ಟಿದೆ, ಅಷ್ಟೆ.”

ನನಗೆ ತಡೆಯಲಾಗಲಿಲ್ಲ. ಮುದುಕರಿಗೆ ಹುಳುಕು ಮಾಲು ಅಂಟಿಸುತ್ತೀಯಾ ಎಂದು ನಿಂಗಮ್ಮನ ಮೇಲೆ ಜಗಳಕ್ಕೇ ಹೋದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನಾನಾ? ಒಳ್ಳೇದ ಕೊಟ್ರೆ ಸಿಡಿಮಿಡಿ ಅಂತಾರೆ ಕಣಪ್ಪ ನಿಮ್ ದೊಡ್ಡಪ್ಪಾರು! ಒಂದ್ ಗಂಟೆ ಕುಂತ್ಕಂಡು, ಹುಳ ಇರೋದ್ನೇ ಹುಡ್ಕಿ ಹುಡ್ಕಿ ಆರುಸ್ತಾರೆ. ‘ಈ ತೂತು ಸಣ್ದಾಯ್ತು, ದೊಡ್ದು ತೋರ್ಸು’ ಅಂತಾರೆ. ಆಮ್ಯಾಕೆ ಒಳ್ಳೇದನ್ನೂ ಅವ್ರೇ ಆರ್ಸಿ ಮಡಗಿ ಓಯ್ತರೆ, ಅಮ್ಮಾರು ಬಯ್ಕಂಡು ಬಂದಾಗ ಇದ್ನೇ ಕೊಡು ಅಂತ. ಎಂಗಿದೆ?”

ದೊಡ್ಡಪ್ಪನನ್ನು ಕೇಳಿದೆ. ಅವರು ಅತ್ತಿತ್ತ ನೋಡಿ, “ಇದು ಗೋಪ್ಯ ಕಡತ ಕಣೋ” ಎಂದಷ್ಟೇ ಹೇಳಿದರು.

ಕಡತ ವರ್ಷಗಟ್ಟಲೆ ಗೋಪ್ಯವಾಗಿಯೇ ಉಳಿಯಿತು. ದೊಡ್ಡಮ್ಮ ಬೈದರು, ನಡೆದರು. ಕಾಲು ಗಟ್ಟಿಯಾಗಿ ನೆಲದ ಮೇಲಿತ್ತು. ಈ ನಡುವೆ ದೊಡ್ಡಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಪೇಪರು ಓದುವುದು ಬಿಟ್ಟರು. ಮಾರುಕಟ್ಟೆ ಬಿಡಲಿಲ್ಲ.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಲು ನಾನು ಹೋಗಿದ್ದ ಒಂದು ಬೆಳಗ್ಗೆ, ಅವರು ಗೋಡೆ ಸವರಿಕೊಂಡು ಬಂದು ಅಡುಗೆಮನೆಯಲ್ಲಿ ಚೀಲ ಸುರಿದರು. ಆರು ಬದನೆಕಾಯಿ. ನಾನು ಹತ್ತಿರದಿಂದ ನೋಡಿದೆ. ತೊಟ್ಟು ಹಸಿರು, ಮೈ ಹೊಳಪು. ಒಂದರಲ್ಲೂ ಸೂಜಿಮೊನೆಯಷ್ಟು ತೂತಿಲ್ಲ.

ದೊಡ್ಡಮ್ಮ ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿದರು. ಗಂಡನ ಮುಖ ನೋಡಿದರು. ಅವರು ಅಂದಾಜಿನ ಮೇಲೆ ಹೆಂಡತಿಯ ಕಡೆಗೆ ತಿರುಗಿ, ಕಾಯುತ್ತಾ ನಿಂತಿದ್ದರು.

“ಏನ್ರೀ ಇದು! ಬರೀ ಹುಳ!” ಎಂದು ದೊಡ್ಡಮ್ಮ ಗದರಿದರು. ನನ್ನತ್ತ ನೋಡಲೇ ಇಲ್ಲ. ಆರನ್ನೂ ಮೆಲ್ಲಗೆ ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿ, ಬೈಯುತ್ತಾ ಗೇಟು ದಾಟಿದರು.

ಆ ಬೈಗುಳ ತಿರುವಿನಲ್ಲಿ ಕರಗುವ ತನಕ ದೊಡ್ಡಪ್ಪ ಕಿವಿಗೊಟ್ಟು ನಿಂತಿದ್ದರು. ಆಮೇಲೆ ನನ್ನ ತೋಳು ಹುಡುಕಿ ಹಿಡಿದು, ಪಿಸುದನಿಯಲ್ಲಿ ಕೇಳಿದರು:

“ತುಂಬಾ ಹುಳ ಇತ್ತೇನೋ?”

“ತುಂಬಾ ಇತ್ತು ದೊಡ್ಡಪ್ಪ.”

“ನೋಡ್ದಾ, ಕಣ್ಣು ಹೋದ್ರೂ ಆರಿಸೋದ್ರಲ್ಲಿ ಇನ್ನೂ ಕೈ ತಪ್ಪಿಲ್ಲ.”