ಸಂಜೆ ಐದಕ್ಕೆ ರಾತ್ರಿ ಕಾವಲು

2020ರ ಮಾರ್ಚ್ 27ರ ರಾತ್ರಿ ಐರ್ಲೆಂಡ್ ಸರ್ಕಾರ, ಯಾರೂ ವ್ಯಾಯಾಮಕ್ಕೆಂದು ಮನೆಯಿಂದ ಎರಡು ಕಿಲೋಮೀಟರಿಗಿಂತ ದೂರ ಹೋಗಕೂಡದು ಎಂದು ಪ್ರಕಟಿಸಿತು. ನಾವು ನೇಸ್ ಊರಿನಲ್ಲಿ ಬಾಡಿಗೆಗೆ ಇದ್ದೆವು. ಆ ಎರಡು ಕಿಲೋಮೀಟರಿನೊಳಗೆ ಕಾಲುವೆಯ ದಂಡೆ, ಆಸ್ಪತ್ರೆ, ಮುಚ್ಚಿದ ಪಬ್ಬುಗಳು, ಕೊತ್ತಂಬರಿ ಸೊಪ್ಪನ್ನು ಪ್ಲಾಸ್ಟಿಕ್ ಕುಂಡದಲ್ಲಿ ಮಾರುವ ಒಂದು ಸೂಪರ್ ಮಾರ್ಕೆಟ್ ಬಂದವು. ಈ ಭೂಮಿಯ ಮೇಲೆ ನಮ್ಮದು ಎಂದು ಹೇಳಿಕೊಳ್ಳಬಹುದಾಗಿದ್ದ ಒಂದೇ ಮನೆ ಮಾತ್ರ ಬರಲಿಲ್ಲ. ಅದು ಇಂಡೋನೇಷ್ಯಾದ ಯೋಗ್ಯಕರ್ತ ನಗರದ ಒಂದು ಗಲ್ಲಿಯಲ್ಲಿತ್ತು.

ಹೂಡಿಕೆ ಎಂಬ ಪದವನ್ನು ನಾನು ಮೈಸೂರಿನ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಕುಳಿತು ವರ್ಷಗಟ್ಟಲೆ ತಲೆಬರಹಗಳಲ್ಲಿ ಬಳಸಿದ್ದೇನೆ. ಬಳಸುವುದಕ್ಕೆ ಅರ್ಥ ಗೊತ್ತಿರಬೇಕಾಗಿರಲಿಲ್ಲ, ಅಂಕಣದ ಅಗಲ ಗೊತ್ತಿದ್ದರೆ ಸಾಕಿತ್ತು. ನನ್ನ ಹೆಂಡತಿ ಸುಮನಾಳನ್ನು ಅವಳ ಸಾಫ್ಟ್‌ವೇರ್ ಕಂಪನಿ ಐರ್ಲೆಂಡಿಗೆ ಕಳಿಸುವ ಮೊದಲು ಜಾವಾ ದ್ವೀಪದ ಯೋಗ್ಯಕರ್ತಕ್ಕೆ ಕಳಿಸಿತ್ತು. ನಾನು ಕೆಲಸ ಬಿಟ್ಟು ಜೊತೆಗೆ ಹೋದೆ. ಎರಡು ಸ್ಕೂಟರುಗಳು ಎದುರಾದರೆ ಒಂದು ಯಾರದೋ ಅಂಗಳಕ್ಕೆ ನುಗ್ಗಲೇಬೇಕಾದಷ್ಟು ಕಿರಿದಾದ ಗಲ್ಲಿಯಲ್ಲಿ ಮೂರು ವರ್ಷ ಇದ್ದೆವು. ಹೊರಡುವಾಗ, ಇದ್ದ ಮನೆಯನ್ನೇ ದೀರ್ಘಾವಧಿ ಗುತ್ತಿಗೆಗೆ ಹಿಡಿದು ಐದು ಕೋಣೆ ಮಾಡಿ ಕಾಲೇಜು ಹುಡುಗಿಯರಿಗೆ ಕೊಟ್ಟೆವು. ಅಲ್ಲಿ ವಿದೇಶಿಯರು ನೆಲದ ಒಡೆಯರಾಗುವಂತಿಲ್ಲ, ಗುತ್ತಿಗೆಗೆ ಹಿಡಿಯಬಹುದು.

ಮೈಸೂರಿನಿಂದ ನನ್ನ ಭಾವ ಫೋನ್ ಮಾಡಿದರು. "ಎಲ್ರೂ ಬೋಗಾದಿಲಿ ಸೈಟ್ ತಗೋತಾರಪ್ಪ. ನೀನು ಹೋಗಿ ಹೋಗಿ ಜ್ವಾಲಾಮುಖಿ ಪಕ್ಕ ಮನೆ ಹಿಡಿದ್ಯಲ್ಲ."

"ಪಕ್ಕ ಅಲ್ಲ ಭಾವ, ದೂರ ಇದೆ."

"ಎಷ್ಟು ದೂರ?"

"ಟೆರೇಸ್ ಮೇಲೆ ನಿಂತ್ರೆ ಕಾಣುತ್ತೆ."



ಆ ಗಲ್ಲಿಯಲ್ಲಿ ಮನೆ ಹೊಂದುವುದೆಂದರೆ ಗೋಡೆ ಮತ್ತು ಸೂರನ್ನು ಹೊಂದುವುದಷ್ಟೇ ಅಲ್ಲ. ಪ್ರತಿ ಮನೆಯಿಂದ ಒಬ್ಬ ಗಂಡಸು ವಾರಕ್ಕೊಂದು ಸಲ ರಾತ್ರಿ ಕಾವಲಿಗೆ ಬರಬೇಕು. ಪ್ರತಿ ಮನೆಯ ಗೇಟಿಗೆ ಒಂದು ಪುಟ್ಟ ಡಬ್ಬ ನೇತುಹಾಕಿ ಅದರಲ್ಲಿ ಒಂದು ಹಿಡಿ ಅಕ್ಕಿ ಇಟ್ಟಿರಬೇಕು. ಕಾವಲಿನವರು ಸುತ್ತು ಬರುವಾಗ ಡಬ್ಬಗಳ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಳ್ಳುತ್ತಾರೆ. ಕಾಯಿಲೆ ಬಿದ್ದವರ ಮನೆಗೆ, ಸಾವಾದ ಮನೆಗೆ ಅದು ಹೋಗುತ್ತದೆ. ಅಲ್ಲಿದ್ದಾಗ ನಾನೂ ಕಾವಲು ಕಾದಿದ್ದೇನೆ. ಸುದ್ದಿಮನೆಯ ರಾತ್ರಿ ಪಾಳಿಗೆ ಹೋಲಿಸಿದರೆ ಅದು ಸುಖದ ಕೆಲಸ. ಕಳ್ಳ ಬರುವ ಸಂಭವ ಕಡಿಮೆ, ಸಂಪಾದಕರು ಬರುವ ಸಂಭವ ಇಲ್ಲವೇ ಇಲ್ಲ.

ಏಪ್ರಿಲ್‌ನಲ್ಲಿ ಗಲ್ಲಿಯ ಬಾಯಿಗೆ ಬಿದಿರು ಅಡ್ಡ ಕಟ್ಟಿದರು. ನಮ್ಮ ಮನೆಯಲ್ಲಿದ್ದ ನಾಲ್ಕು ಹುಡುಗಿಯರು ತಮ್ಮ ಊರುಗಳಿಗೆ ಹೋದರು. ಐದನೆಯವಳು ಯೂನಿ. ಅವಳ ಊರು ಫ್ಲೋರೆಸ್ ದ್ವೀಪ, ಹಡಗು ಸಂಚಾರ ನಿಂತಿತ್ತು. ಅರೆಕಾಲಿಕ ಕೆಲಸಕ್ಕೆ ಹೋಗುತ್ತಿದ್ದ ಅಂಗಡಿಯೂ ಮುಚ್ಚಿತ್ತು. ಅದೇ ವಾರ ಗಲ್ಲಿಯ ಮುಖ್ಯಸ್ಥ ಸುಗೆಂಗ್ ಅವರು ವಾಟ್ಸಾಪ್ ಗುಂಪಿನಲ್ಲಿ ಹೊಸ ನಿಯಮ ಹಾಕಿದರು. ಯಾವ ಮನೆ ಕಾವಲಿಗೆ ಜನ ಕೊಡುವುದಿಲ್ಲವೋ, ಡಬ್ಬದಲ್ಲಿ ಅಕ್ಕಿ ಇಡುವುದಿಲ್ಲವೋ, ಅದನ್ನು ಹೇಳುವವರು ಕೇಳುವವರಿಲ್ಲದ ಮನೆ ಎಂದು ತಿಳಿದು ಬೀಗ ಹಾಕಲಾಗುವುದು. ಒಳಗಿರುವವರು ಬೇರೆ ಕಡೆ ನೋಡಿಕೊಳ್ಳಬೇಕು. ಎಲ್ಲಿಂದಲೋ ಬಂದವರು ಇಂಥ ಮನೆಗಳಲ್ಲಿ ಸೇರಿಕೊಂಡು ರೋಗ ತಂದಾರು ಎಂಬ ಭಯ. ಎದುರು ಮನೆಯ ಮುಂದೆ ಊಟದ ಅಂಗಡಿ ಇಟ್ಟಿದ್ದ ತುತಿ ಅಮ್ಮ ಕೆಳಗೇ ಬರೆದರು: "ಕೆಲವರು ಎಲ್ಲೋ ಯೂರೋಪಿನಲ್ಲಿ ಕೂತು ಇಲ್ಲಿ ಯಜಮಾನಿಕೆ ಮಾಡ್ತಾರೆ. ಅವರ ಹೆಸರು ಹೇಳಲ್ಲ." ಗುಂಪಿನಲ್ಲಿ ಯೂರೋಪಿನಲ್ಲಿ ಕೂತವನು ನಾನೊಬ್ಬನೇ.

ಯೂನಿಗೆ ಬೇರೆ ಕಡೆ ಎನ್ನುವುದು ಇರಲಿಲ್ಲ. ಹಾಗಾಗಿ ನಾನು, ಮನೆಯೆದುರಿನ ಕಂಬಕ್ಕೆ ಒಂದು ಕ್ಯಾಮೆರಾ ಹಾಕಿಸುತ್ತೇನೆ, ಮಂಗಳವಾರದ ಕಾವಲು ನಾನೇ ಕಾಯುತ್ತೇನೆ ಎಂದು ಬರೆದೆ. ಅಲ್ಲಿ ರಾತ್ರಿ ಹನ್ನೊಂದು ಎಂದರೆ ಇಲ್ಲಿ ಸಂಜೆ ಐದು; ನಿದ್ದೆಗೆಡದೆ ರಾತ್ರಿ ಕಾಯಬಲ್ಲ ಮನುಷ್ಯ ಗಲ್ಲಿಯಲ್ಲಿ ಇನ್ನೊಬ್ಬನಿಲ್ಲ ಎಂದು ವಾದಿಸಿದೆ. ಎರಡು ದಿನ ಚರ್ಚೆಯಾಗಿ ಒಪ್ಪಿಗೆಯಾಯಿತು. ನಡೆದು ಸುತ್ತು ಬರುವುದಕ್ಕೆ ಅಲ್ಲಿಯ ಇಬ್ಬರು, ಕುಳಿತು ನೋಡುವುದಕ್ಕೆ ನೇಸ್‌ನಿಂದ ನಾನು. ಅಕ್ಕಿ ಇಡುವ ಕೆಲಸ ಯೂನಿಯದು. ಅದರ ಬಗ್ಗೆ ನಾನು ಆಮೇಲೆ ಯೋಚಿಸಲಿಲ್ಲ.

ಬೇಸಿಗೆಯಲ್ಲಿ ಇಲ್ಲಿ ಸಂಜೆ ಐದೆಂದರೆ ಕಣ್ಣು ಕುಕ್ಕುವ ಬಿಸಿಲು. ಕತ್ತಲೆಯ ಗಲ್ಲಿ ಪರದೆಯ ಮೇಲೆ ಕಾಣಬೇಕಾದರೆ ಕಿಟಕಿಗೆ ಕರ್ಟನ್ ಎಳೆಯಬೇಕು. ಐರ್ಲೆಂಡಿನಲ್ಲಿ ಬಿಸಿಲು ಬಂದಾಗ ಕರ್ಟನ್ ಎಳೆಯುವವರನ್ನು ಜನ ಕಳವಳದಿಂದ ನೋಡುತ್ತಾರೆ. ಎರಡನೆಯ ಮಂಗಳವಾರ ಪಕ್ಕದ ಮನೆಯ ನೋರೀನ್ ಬೇಲಿಯ ಆಚೆಯಿಂದ, ಒಳಗೆ ಎಲ್ಲ ಸರಿಯಿದೆಯೇ ಎಂದು ಕೇಳಿದರು. ರಾತ್ರಿ ಕಾವಲಿನಲ್ಲಿದ್ದೇನೆ ಎಂದೆ. ಅವರು ಆಕಾಶ ನೋಡಿದರು, ಕೈಗಡಿಯಾರ ನೋಡಿದರು, "ಗ್ರ್ಯಾಂಡ್" ಎಂದು ಒಳಗೆ ಹೋದರು. ಸರಿ, ಚೆನ್ನಾಗಿದೆ, ಆಯಿತು: ಈ ದೇಶದಲ್ಲಿ ಅದೊಂದು ಪದ ಎಲ್ಲಕ್ಕೂ ಸಾಲುತ್ತದೆ.

ಕಾವಲಿನವನು ನೋಡಿದ್ದನ್ನು ಗುಂಪಿಗೆ ತಿಳಿಸಬೇಕಿತ್ತು. ಅಲ್ಲಿಯ ಭಾಷೆಯನ್ನು ಮೂರು ವರ್ಷದಲ್ಲಿ ಕಲಿತಿದ್ದರೂ ನನಗೆ ಬರೆಯಲು ಬರುವುದು ಸುದ್ದಿಯ ಶೈಲಿ ಒಂದೇ. "ಹನ್ನೊಂದೂವರೆ: ಕಪ್ಪು ಬೆಕ್ಕು, ಪೂರ್ವದಿಂದ ಪಶ್ಚಿಮಕ್ಕೆ. ಕಾರಣ ತಿಳಿದುಬಂದಿಲ್ಲ." ಜನರಿಗೆ ಇಷ್ಟವಾಯಿತು. ಬುಧವಾರ ಬೆಳಿಗ್ಗೆ ವರದಿಗೆ ಕಾಯುವವರು ಹುಟ್ಟಿಕೊಂಡರು. ಒಮ್ಮೆ, "ನಾಲ್ಕನೆಯ ಮನೆಯ ಯಜಮಾನರು ಹನ್ನೆರಡೂವರೆಗೆ ಮರಳಿದರು, ಗೇಟು ತೆರೆಯಲು ಮೂರು ಸಲ ಪ್ರಯತ್ನಿಸಿದರು" ಎಂದು ಬರೆದೆ. ಅವರು ಅಂದು ಹತ್ತಕ್ಕೇ ಮರಳಿದ್ದೆನೆಂದು ಮನೆಯಲ್ಲಿ ಹೇಳಿದ್ದರಂತೆ.

"ನೀನು ಕಾವಲು ಕಾಯ್ತಿದ್ದೀಯೋ, ಪೇಪರ್ ನಡೆಸ್ತಿದ್ದೀಯೋ?" ಎಂದಳು ಸುಮನಾ.

"ಕಂಡಿದ್ದು ಬರೀತೀನಿ. ಸೇರ್ಸಲ್ಲ, ಬಿಡಲ್ಲ."

"ಅದೇ ಪ್ರಾಬ್ಲಂ."

ಆಗಸ್ಟಿನಲ್ಲಿ ನಮ್ಮ ಕಿಲ್ಡೇರ್ ಕೌಂಟಿಗೆ, ಎಂದರೆ ಜಿಲ್ಲೆಗೆ, ಮತ್ತೆ ನಿರ್ಬಂಧ ಬಿತ್ತು, ಗಡಿ ದಾಟುವಂತಿಲ್ಲ. ಆ ದಿನಗಳ ಒಂದು ಮಂಗಳವಾರ ನಾನು ಪರದೆಯ ಮುಂದಿದ್ದೆ. ತಲೆಗೆ ಬಟ್ಟೆ ಸುತ್ತಿ, ಮಾಸ್ಕ್ ಹಾಕಿದ ಒಂದು ಆಕೃತಿ ನಮ್ಮ ಮನೆಯ ಗೇಟಿನ ಬಳಿ ನಿಂತಿತು. ಆಚೆ ನೋಡಿತು, ಈಚೆ ನೋಡಿತು. ಬಟ್ಟೆಯ ಮರೆಯಿಂದ ಏನನ್ನೋ ತೆಗೆದು ನಮ್ಮ ಡಬ್ಬಕ್ಕೆ ಹಾಕಿ ಸರಿದುಹೋಯಿತು. ಆ ಡಬ್ಬದಿಂದ ತೆಗೆಯುವವರುಂಟು. ಹೊರಗಿನಿಂದ ಬಂದು ಹಾಕುವವರನ್ನು ನಾನು ಕಂಡಿರಲಿಲ್ಲ. ರೋಗದ ಕಾಲ, ಒಳಗೆ ಒಂಟಿ ಹುಡುಗಿ. ತಕ್ಷಣ ಬರೆದೆ: "ಅಪರಿಚಿತ ವ್ಯಕ್ತಿಯೊಬ್ಬರು ನಮ್ಮ ಮನೆಯ ಡಬ್ಬದಲ್ಲಿ ಗುಟ್ಟಾಗಿ ಏನನ್ನೋ ಹಾಕಿದ್ದಾರೆ. ಪರಿಶೀಲಿಸಬೇಕಾಗಿ ವಿನಂತಿ." ಸುತ್ತಿನಲ್ಲಿದ್ದ ಇಬ್ಬರೂ ಓಡಿ ಬಂದರು. ಟಾರ್ಚ್ ಬಿಟ್ಟು ನೋಡಿದರು. ಒಬ್ಬ ಮೂಸಿಯೂ ನೋಡಿದ. ಗುಂಪಿನಲ್ಲಿ ಒಂದೇ ಪದ ಬಂತು: "ಅಕ್ಕಿ."

ಆಮೇಲೆ ಯಾರೂ ಏನೂ ಬರೆಯಲಿಲ್ಲ. ಸಾಮಾನ್ಯವಾಗಿ ಬೆಕ್ಕಿಗೂ ಹೆಬ್ಬೆರಳು ಎತ್ತುತ್ತಿದ್ದ ಗುಂಪು.

ಸ್ವಲ್ಪ ಹೊತ್ತಿಗೆ ಯೂನಿಯ ಫೋನ್ ಬಂತು. "ಯಾಕೆ ಬರೆದ್ರಿ ಸರ್? ನನ್ನ ಹತ್ರ ಅಕ್ಕಿ ಮುಗಿದು ತುಂಬ ದಿನ ಆಯ್ತು. ತುತಿ ಅಮ್ಮನೇ ಹಾಕ್ತಿದ್ರು. ಮಂಗಳವಾರ ನೀವು ಕೂರೋಕೆ ಮೊದ್ಲೇ ಹಾಕಿ ಹೋಗ್ತಿದ್ರು, ಇವತ್ತು ತಡ ಆಯ್ತು. ಯಾರಿಗೂ ಗೊತ್ತಿರ್ಲಿಲ್ಲ."

"ನನಗೆ ಹೇಳಬಾರದಿತ್ತಾ?"

"ನೀವು ಗುಂಪಲ್ಲಿ ಹಾಕ್ತೀರ ಅಂತ ಭಯ ಆಯ್ತು."



ಪರಿಸ್ಥಿತಿ ಸರಳವಾಗಿತ್ತು. ನಮ್ಮ ಮನೆಯಿಂದ ಅಕ್ಕಿ ಬರುತ್ತಿಲ್ಲ ಎಂದು ನಾನೇ ಊರಿಗೆ ಸಾರಿದ್ದೆ. ಆ ಹೊತ್ತಿಗೆ ಇದೇ ನಿಯಮದಡಿ ಎರಡು ಮನೆಗಳಿಗೆ ಬೀಗ ಬಿದ್ದಿತ್ತು; ನಮ್ಮದನ್ನು ಬಿಟ್ಟರೆ ಆ ಮನೆಗಳವರು ಸುಮ್ಮನಿರುವುದಿಲ್ಲ. ಭಾನುವಾರ ಗಲ್ಲಿಯ ಸಭೆ. ಯೂನಿ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಳೆಂದು ಸುಮನಾಗೆ ಮೆಸೇಜ್ ಬಂತು.

"ಡಿಲೀಟ್ ಮಾಡು ಅದನ್ನ," ಎಂದಳು ಸುಮನಾ.

"ಎಲ್ರೂ ಓದಿದಾರೆ. ಅಚ್ಚಾದ ಮೇಲೆ ಅಳಿಸೋಕಾಗಲ್ಲ."

"ಸುಳ್ಳು ಅಂತ ಬರಿ."

"ಸುಳ್ಳಲ್ವಲ್ಲ."

ಅಲ್ಲೇ ಕತೆ ಪುಸ್ತಕ ಓದುವಂತೆ ನಟಿಸುತ್ತಿದ್ದ ನಮ್ಮ ಎಂಟು ವರ್ಷದ ಇಂಚರಾ ಕನ್ನಡವನ್ನೆಲ್ಲ ಕೇಳಿಸಿಕೊಂಡು, ಐರಿಷ್ ರಾಗದ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಅಪ್ಪ ಕಳ್ಳರನ್ನು ಹಿಡಿಯಲು ಕೂತಿದ್ದಲ್ಲವೇ, ಯಾರೂ ಏನೂ ಕದ್ದಿಲ್ಲವಲ್ಲ, ಮತ್ತೆ ಯೂನಿ ಯಾಕೆ ಹೋಗಬೇಕು? ಪ್ರಶ್ನೆ ಸರಿಯಾಗಿತ್ತು. ಮಲಗುವ ಹೊತ್ತಾಯಿತು ಎಂದೆ. ಕಿಟಕಿಯಲ್ಲಿ ಬಿಸಿಲಿತ್ತು.

ಮರುದಿನ ಸುಗೆಂಗ್ ಅವರ ಸಂದೇಶ ಬಂದಿತ್ತು. ಅತ್ಯಂತ ವಿನಯದ ಸಂದೇಶ. ಮಂಜು ಕೂತು ಕ್ಯಾಮೆರಾದ ಗಾಜು ಕೆಲವು ದಿನಗಳಿಂದ ಮಸುಕಾಗಿರುವುದಾಗಿ ಕೆಲವರು ಹೇಳುತ್ತಾರೆ. ಮಸುಕು ಗಾಜಿನಲ್ಲಿ ದೂರದಲ್ಲಿರುವವರಿಗೆ ಒಂದು ಇನ್ನೊಂದಾಗಿ ಕಾಣುವುದು ಸಹಜ. ಮಾನ್ಯ ಕಾವಲುಗಾರರು ತಮ್ಮ ವರದಿಯನ್ನು ಬಿಡುವಾದಾಗ ಮತ್ತೊಮ್ಮೆ ನೋಡಬಹುದೇ? ಆಗಸ್ಟ್ ಅಲ್ಲಿ ಒಣಗಾಲ. ಗಾಜಿನ ಮೇಲೆ ಧೂಳು ಕೂಡ ಇರಲಿಲ್ಲ. ಗೇಟಿನ ಚಿಲಕದ ತುಕ್ಕು ನನಗೆ ನೇಸ್‌ನಿಂದ ಕಾಣುತ್ತಿತ್ತು.

ಪತ್ರಿಕೆಯಲ್ಲಿದ್ದಾಗ ನಾನು ಎಷ್ಟೋ ತಿದ್ದುಪಡಿಗಳನ್ನು ಬರೆದಿದ್ದೇನೆ. ಬದುಕಿದ್ದವರನ್ನು ಸಾಯಿಸಿದ್ದಕ್ಕೆ, ಸೋತವರನ್ನು ಗೆಲ್ಲಿಸಿದ್ದಕ್ಕೆ, ಶಾಸಕರ ಚಿತ್ರದ ಕೆಳಗೆ ಹಲಸಿನ ಮೇಳದ ವಿವರ ಹಾಕಿದ್ದಕ್ಕೆ. ಎಲ್ಲವೂ ತಪ್ಪನ್ನು ತೆಗೆದು ಸರಿಯನ್ನು ಇಡುವ ತಿದ್ದುಪಡಿಗಳು. ಈ ಸಲ ಕೆಲಸ ತಿರುಗುಮುರುಗಾಗಿತ್ತು. ಅರ್ಧ ಬೆಳಗು ಕೂತೆ. ಕೊನೆಗೆ ಕಳಿಸಿದೆ:

"ತಿದ್ದುಪಡಿ. ಮಂಗಳವಾರದ ವರದಿಯಲ್ಲಿ 'ಅಪರಿಚಿತ ವ್ಯಕ್ತಿ' ಎಂದಿರುವುದನ್ನು 'ಕಪ್ಪು ಬೆಕ್ಕು' ಎಂದು ಓದಿಕೊಳ್ಳಬೇಕು. ಡಬ್ಬದಲ್ಲಿದ್ದ ಅಕ್ಕಿ ಮನೆಯವರದೇ. ಪ್ರಮಾದಕ್ಕಾಗಿ ವಿಷಾದಿಸುತ್ತೇವೆ."

ಹೆಬ್ಬೆರಳುಗಳು ಒಂದರ ಹಿಂದೊಂದು ಎದ್ದವು. ನಾಲ್ಕನೆಯ ಮನೆಯ ಯಜಮಾನರು, ತಮ್ಮ ವಿಷಯದ ಹಳೆಯ ವರದಿಗೂ ತಿದ್ದುಪಡಿ ಸಿಗಬಹುದೇ ಎಂದು ಕೇಳಿದರು. ತುತಿ ಅಮ್ಮ ಬರೆದರು: "ಬೆಕ್ಕು ಅಕ್ಕಿ ತಂದು ಹಾಕೋ ಕಾಲ ಬಂತು. ನನ್ನ ಅಂಗಡಿ ಮೀನು ಯಾರು ಕದಿಯೋದು ಈಗ?"

ನಾನು ಅವರಿಗೆ ಬೇರೆಯಾಗಿ ಫೋನ್ ಮಾಡಿ, ಅಕ್ಕಿಗೆ ಏನಾದರೂ ವ್ಯವಸ್ಥೆ ಮಾಡುತ್ತೇನೆ, ತುಂಬ ಉಪಕಾರವಾಯಿತು ಎಂದೆ.

"ಯಾವ ಅಕ್ಕಿ?" ಎಂದರು ತುತಿ ಅಮ್ಮ. "ನಾನೇನು ನಿಮ್ಮ ಗೇಟ್ ಹತ್ರ ಬಂದಿದ್ನಾ? ಯಾರು ನೋಡಿದ್ದು?"

ನೋಡಿದವನು ನಾನೊಬ್ಬನೇ. ಯಾರೂ ನೋಡಲಿಲ್ಲ ಎಂದೆ. "ಹಾಂ," ಎಂದು ಫೋನ್ ಇಟ್ಟರು.

ಭಾನುವಾರದ ಸಭೆಯಲ್ಲಿ ನಮ್ಮ ಮನೆಯ ವಿಷಯ ಬರಲಿಲ್ಲ. ಯೂನಿ ಈಗಲೂ ಐದನೆಯ ಕೋಣೆಯಲ್ಲಿದ್ದಾಳೆ. ಸಂಜೆ ಹೊತ್ತು ತುತಿ ಅಮ್ಮನ ಅಂಗಡಿಯಲ್ಲಿ ಪಾರ್ಸೆಲ್ ಕಟ್ಟುತ್ತಾಳೆ. ಮಂಗಳವಾರದ ಪಾಳಿ ನನ್ನದೇ. ಕ್ಯಾಮೆರಾವನ್ನು ಒರೆಸಲೆಂದು ಇಳಿಸಿದವರು ಮತ್ತೆ ಕಟ್ಟುವಾಗ ಗಲ್ಲಿಯಂಚಿನ ಪೇರಲೆ ಮರದ ಕಡೆ ತಿರುಗಿಸಿ ಕಟ್ಟಿದ್ದಾರೆ; ಈಗ ಯಾರ ಗೇಟೂ ಕಾಣುವುದಿಲ್ಲ. ಕಳೆದ ಮಂಗಳವಾರದ ವರದಿ: ಪೇರಲೆ, ಎಂಟು ಕಾಯಿ. ಒಂದು ಹಣ್ಣಾಗುತ್ತಿದೆ.